ನಾಯಿ ಎಲ್ಲಿ ಕೆರೆದುಕೊಳ್ಳುತ್ತದೆ?

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ರಾತ್ರಿ ಜಗಲಿಯಿಂದ ಟಕ ಟಕ ಟಕ ಅಂತ ಒಂದು ಸದ್ದು ಬರುತ್ತದಲ್ಲ, ಅದು ನಾಯಿ ಕೆರೆದುಕೊಳ್ಳುವಾಗ ಅದರ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು. ಎರಡು ದಿನ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೆಯ ದಿನ, ನಿದ್ದೆಗೆಟ್ಟ ಮನೆಯವರು ಏನಾದರೂ ಹಚ್ಚೋಣ ಅಂತ ಹೊರಡುತ್ತಾರೆ. ಪಶುವೈದ್ಯನಾದ ನನಗೆ ಹೆದರಿಕೆ ಆ ‘ಏನಾದರೂ’ ಬಗ್ಗೆಯೇ.

ಒಮ್ಮೆ ಒಬ್ಬ ರೈತರು ತಮ್ಮ ನಾಯಿಯನ್ನು ತಂದರು. ಮೈಯೆಲ್ಲ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಟ್ರ್ಯಾಕ್ಟರಿನ ಹಳೇ ಆಯಿಲ್ ಬಳಿದಿದ್ದರು. ನಾಯಿ ಅದನ್ನು ನೆಕ್ಕಿ ವಾಂತಿ ಮಾಡಿಕೊಂಡಿತ್ತು. ಪಾತ್ರೆ ತೊಳೆಯುವ ಸೋಪು ಹಾಕಿ ನಾಲ್ಕು ಸಲ ತೊಳೆದ ಮೇಲೆ ಚರ್ಮ ಕಾಣಿಸಿತು. ಕಿವಿಯ ಅಂಚು, ಮೊಣಕೈಗಳಲ್ಲಿ ಕೂದಲಿಲ್ಲ, ಬರೀ ಹಕ್ಕಳೆ. ಕಿವಿಯ ತುದಿಯನ್ನು ಮಡಿಸಿ ಬೆರಳಲ್ಲಿ ಉಜ್ಜಿದೆ. ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು. ಕಜ್ಜಿಯ ನುಸಿ, ಅಂದರೆ ಚರ್ಮ ಕೊರೆದು ಬಾಳುವ ಸಣ್ಣ ಹುಳು, ಇರಬಹುದೆಂದು ಅನುಮಾನಿಸಲು ಅಷ್ಟು ಸಾಕು. “ನಿಮ್ಮ ಕೈಯಲ್ಲೂ ನವೆ ಇದೆಯಾ?” ಎಂದು ಕೇಳಿದೆ. ಅವರು ತೋಳು ಮೇಲೆತ್ತಿ ಕೆಂಪು ಗುಳ್ಳೆಗಳನ್ನು ತೋರಿಸಿದರು. ಈ ನುಸಿ ಮನುಷ್ಯರ ಮೈಯಲ್ಲಿ ಬಹುಕಾಲ ಬಾಳುವುದಿಲ್ಲ, ಆದರೆ ಕಾಟ ಕೊಡದೆ ಬಿಡುವುದೂ ಇಲ್ಲ.

ಹಾಗಾಗಿ ಔಷಧಿ ಹುಡುಕುವ ಮೊದಲು ನಾಯಿ ಎಲ್ಲಿ ಕೆರೆಯುತ್ತದೆಂದು ನೋಡಿ. ಬಾಲದ ಬುಡ, ಸೊಂಟದ ಮೇಲೆ ಕಚ್ಚಿಕೊಳ್ಳುತ್ತಿದ್ದರೆ ಚಿಗಟವೇ ಇರಬೇಕು. ಅಲ್ಲಿನ ಕೂದಲು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಡಿ. ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ನಿಮ್ಮ ನಾಯಿಯದೇ ರಕ್ತ. ಚಿಗಟದ ಮೊಟ್ಟೆ ನಾಯಿಯ ಮೈಯಿಂದ ಉದುರಿ ಗೋಣಿಚೀಲದಲ್ಲಿ, ನೆಲದ ಸಂದಿಯಲ್ಲಿ ಬೆಳೆಯುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಅದೇ ಗೋಣಿಯ ಮೇಲೆ ಮಲಗಿಸಿದರೆ ಹಾಕಿದ್ದು ದಂಡ. ಅಲರ್ಜಿಯ ನಾಯಿಗಾದರೆ ನಾಲ್ಕಾರು ಕಡಿತವೇ ಸಾಕು, ಚಿಗಟ ಕಣ್ಣಿಗೆ ಬೀಳಬೇಕೆಂದೂ ಇಲ್ಲ.

ಇನ್ನು ಪಾದ ನೆಕ್ಕುವ ನಾಯಿಗಳು. ಎಂಜಲು ತಾಗಿ ತಾಗಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಧೂಳು, ಪರಾಗ ಅಥವಾ ಆಹಾರದ ಅಲರ್ಜಿ ಇರಬಹುದು. ಅದನ್ನು ಪತ್ತೆಹಚ್ಚಲು ತಿಂಗಳುಗಳೇ ಬೇಕು. ಇಂಜೆಕ್ಷನ್‌ನಿಂದ ನವೆ ಎರಡೇ ದಿನಕ್ಕೆ ನಿಂತರೂ ಕಾರಣ ಹಾಗೇ ಉಳಿದಿರುತ್ತದೆ.

ನಮ್ಮ ಶಾಂಪೂ, ಸೋಪು ದಿನಾ ಹಾಕಬೇಡಿ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ದನಕ್ಕೆಂದು ತಂದ ಐವರ್ಮೆಕ್ಟಿನ್ ಎಂಬ ಹುಳುವಿನ ಔಷಧಿ ಉಳಿದಿದೆಯೆಂದು ಅಂದಾಜಿನಲ್ಲಿ ಚುಚ್ಚಿಸಲೇಬೇಡಿ. ಕೋಲಿಯಂಥ ತಳಿಗಳ ಪ್ರಾಣವೇ ಹೋಗಬಹುದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಒಂದು ಎಚ್ಚರ: ನಾಯಿಗೆ ಹಾಕುವ ಕೆಲವು ಚಿಗಟದ ಔಷಧಿ ಬೆಕ್ಕಿಗೆ ವಿಷ. ರಕ್ತ ಹೀರುವ ಉಣ್ಣೆ ಹುಳು ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ಮೆಲ್ಲಗೆ ಎಳೆಯಿರಿ, ಉಗುರಲ್ಲಿ ಹಿಸುಕಬೇಡಿ.

ಆ ರೈತರ ನಾಯಿ ತಿಂಗಳಾದ ಮೇಲೆ ಮತ್ತೆ ಬಂತು. ಕಿವಿಯ ಅಂಚಿನಲ್ಲಿ ನವಿರಾದ ಕೂದಲು ಮೂಡಿತ್ತು. ಮಡಿಸಿ ಉಜ್ಜಿ ನೋಡಿದೆ. ಹಿಂಗಾಲು ಅಲುಗಲಿಲ್ಲ.

ನಮಸ್ಕಾರ.