ಪೆಟ್ರೋಲ್ ಖರ್ಚು ಪೈಲ್ವಾನನದ್ದೇ

ಎಲ್ಲರಿಗೂ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರು ಇಲ್ಲಿ ಎಷ್ಟು ಜನ ಇದ್ದೀರೋ, ಹೆಚ್ಚುಕಮ್ಮಿ ಅಷ್ಟೂ ಜನ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ಪೈಲ್ವಾನರ ಟ್ರಂಪ್ ಕಾರ್ಡ್ ಆಡಿರುತ್ತೀರಿ. ಕೆಲವರು ಅದಕ್ಕಾಗಿ ಮೇಷ್ಟ್ರ ಕೈಲಿ ಏಟೂ ತಿಂದಿರುತ್ತೀರಿ. ಎತ್ತರ, ತೂಕ, ರ‍್ಯಾಂಕ್, ಆಡಿದ ಪಂದ್ಯ ಎಲ್ಲವೂ ಆ ಕಾರ್ಡಿನಲ್ಲಿತ್ತು. ಒಂದು ಪಂದ್ಯಕ್ಕೆ ಆ ಪೈಲ್ವಾನರ ಕೈಗೆ ಎಷ್ಟು ಬರುತ್ತಿತ್ತು, ಪಂದ್ಯದ ಊರಿಗೆ ಅವರು ಹೇಗೆ ಹೋಗುತ್ತಿದ್ದರು ಎಂಬುದು ಮಾತ್ರ ಇರಲಿಲ್ಲ. ನಾನಿವತ್ತು ಹೇಳಹೊರಟಿರುವುದು ಆ ಕಾರ್ಡಿನಲ್ಲಿ ಇಲ್ಲದ ಸಂಗತಿ.

ದಸರಾ ಕುಸ್ತಿ, ಗರಡಿ ಮನೆಯ ಕೆಮ್ಮಣ್ಣು ಇವನ್ನೆಲ್ಲ ಸ್ವಲ್ಪ ಹೊತ್ತು ಮರೆತುಬಿಡಿ. ಅಮೆರಿಕದ ವೃತ್ತಿ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಬಿದ್ದಾಗ ಆಗುವ ನೋವು ಮಾತ್ರ ಅಸಲಿ.

1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಎಂಬ ಊರಿನಲ್ಲಿ ಕುಸ್ತಿ ಏರ್ಪಡಿಸುವ ಕೆಲವು ಪ್ರಮೋಟರ್‌ಗಳು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್ ಕಟ್ಟಿಕೊಂಡರು. ಪಾಳೇಗಾರರಂತೆ ದೇಶವನ್ನು ಸೀಮೆ ಸೀಮೆಯಾಗಿ ಹಂಚಿಕೊಂಡರು. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕುಸ್ತಿ ಏರ್ಪಡಿಸುವ ಹಾಗಿಲ್ಲ. ಏಕಸ್ವಾಮ್ಯದ ದೂರಿನ ಮೇಲೆ 1956ರಲ್ಲಿ ಸರ್ಕಾರ ಅವರನ್ನು ಹಿಡಿದು ಒಪ್ಪಂದಕ್ಕೆ ಸಹಿ ಹಾಕಿಸಿತು. ಆದರೂ ಪದ್ಧತಿ ಎಂಬತ್ತರ ದಶಕದವರೆಗೆ ನಡೆದೇ ನಡೆಯಿತು.

ಸೀಮೆಯೊಳಗಿನ ತಿರುಗಾಟ ನಮ್ಮ ವಾರದ ಸಂತೆಯಿದ್ದ ಹಾಗೆ. ಮೆಂಫಿಸ್ ಸೀಮೆಯಲ್ಲಿ ಸೋಮವಾರ ಮೆಂಫಿಸ್, ಮಂಗಳವಾರ ಲೂಯಿವಿಲ್, ಬುಧವಾರ ಎವನ್ಸ್‌ವಿಲ್, ಶನಿವಾರ ಬೆಳಿಗ್ಗೆ ಟೀವಿ ಸ್ಟುಡಿಯೋ. ಮೆಂಫಿಸ್‌ನಿಂದ ಲೂಯಿವಿಲ್‌ಗೆ ಸುಮಾರು ಆರುನೂರು ಕಿಲೋಮೀಟರ್. ಬಿಲ್ ವಾಟ್ಸ್ ಎಂಬವರ ಸೀಮೆ ಒಕ್ಲಹೋಮಾದಿಂದ ಲೂಸಿಯಾನ, ಮಿಸಿಸಿಪ್ಪಿವರೆಗೆ ಹರಡಿತ್ತು. ಅಲ್ಲಿ ವಾರಕ್ಕೆ ಎರಡು ಸಾವಿರ ಮೈಲಿ ಕಾರು ಓಡಿಸುವುದು ದೊಡ್ಡ ಮಾತೇ ಅಲ್ಲ. ಪೆಟ್ರೋಲು, ಲಾಡ್ಜು, ಊಟ, ಬೂಟು ಎಲ್ಲವೂ ಪೈಲ್ವಾನನ ಜೇಬಿನಿಂದಲೇ. ನಾಲ್ಕೈದು ಜನ ಒಂದೇ ಕಾರಿನಲ್ಲಿ ಮೊಣಕಾಲು ಮಡಚಿ ಕೂತು, ಕಾರಿನ ಯಜಮಾನನಿಗೆ ಮೈಲಿಗಿಷ್ಟು ಸೆಂಟ್ ಎಂದು ಲೆಕ್ಕ ಹಾಕಿ ಕೊಡುತ್ತಿದ್ದರು.

ಸಂಬಳ ಅನ್ನುವುದೇ ಇರಲಿಲ್ಲ. ಟಿಕೆಟ್ ದುಡ್ಡಿನಲ್ಲಿ ಇಷ್ಟು ಪಾಲು ಎಂಬ ಮಾತಿತ್ತು, ಆದರೆ ಟಿಕೆಟ್ ಎಣಿಸುವವರು ಪ್ರಮೋಟರ್. ಲಕೋಟೆಯಲ್ಲಿ ಕೊಟ್ಟಷ್ಟು ಕೊಟ್ಟರು. ವಿಶ್ವ ಚಾಂಪಿಯನ್ ಪಟ್ಟ ಸಿಕ್ಕವರೂ ಇಪ್ಪತ್ತೈದು ಸಾವಿರ ಡಾಲರ್ ಠೇವಣಿ ಇಡಬೇಕಿತ್ತು. ಬೆಲ್ಟ್ ಎತ್ತಿಕೊಂಡು ಬೇರೆಡೆಗೆ ಓಡಿಹೋಗದಿರಲಿ ಅಂತ!

ಇನ್ನು ವೇಷದ ಮಾತು. ನಮ್ಮ ಯಕ್ಷಗಾನದಲ್ಲಿ ರಾತ್ರಿ ಕಾದಾಡಿದ ಭೀಮ, ದುಶ್ಶಾಸನ ಇಬ್ಬರೂ ಬೆಳಿಗ್ಗೆ ಬಣ್ಣ ತೆಗೆದು ಒಟ್ಟಿಗೆ ಚಹಾ ಕುಡಿಯುತ್ತಾರೆ. ಯಾರ ತಕರಾರೂ ಇಲ್ಲ. ಅಮೆರಿಕದಲ್ಲಿ ಅದು ಆಗದ ಮಾತು. ಒಳ್ಳೆಯವರ ಕಾರೇ ಬೇರೆ, ಖಳರ ಕಾರೇ ಬೇರೆ. ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಣಿಸಿಕೊಂಡರೆ ಮರುವಾರ ಟಿಕೆಟ್ ಹೋಗುವುದಿಲ್ಲ ಎಂಬ ಭಯ. ಈ ಗುಟ್ಟಿಗೆ ಅವರ ನಡುವೆ ಕೇಫೇಬ್ ಎಂಬ ಹೆಸರಿತ್ತು.

1975ರ ಅಕ್ಟೋಬರ್ 4ರಂದು ಪೈಲ್ವಾನರನ್ನು ಹೊತ್ತು ಶಾರ್ಲಟ್‌ನಿಂದ ಹೊರಟ ಪುಟ್ಟ ಸೆಸ್ನಾ ವಿಮಾನವೊಂದು ವಿಲ್ಮಿಂಗ್ಟನ್ ಹತ್ತಿರ ಇಂಧನ ಮುಗಿದು ನೆಲಕ್ಕಪ್ಪಳಿಸಿತು. ಪೈಲಟ್ ಆಮೇಲೆ ತೀರಿಕೊಂಡರು. ಜಾನಿ ವ್ಯಾಲೆಂಟೈನ್ ಮತ್ತೆ ಅಖಾಡ ಹತ್ತಲೇ ಇಲ್ಲ. ಇಪ್ಪತ್ತಾರರ ಹರೆಯದ ರಿಕ್ ಫ್ಲೇರ್‌ಗೆ ಬೆನ್ನುಮೂಳೆ ಮುರಿಯಿತು. ಅದೇ ವಿಮಾನದಲ್ಲಿ ಟಿಮ್ ವುಡ್ಸ್ ಇದ್ದರು. ಜನರ ಪಾಲಿಗೆ ಅವರು ಮಿಸ್ಟರ್ ರೆಸ್ಲಿಂಗ್, ವ್ಯಾಲೆಂಟೈನ್‌ನ ಕಡುವೈರಿ. ವೈರಿಗಳು ಒಂದೇ ವಿಮಾನದಲ್ಲಿ ಬಂದರೆಂದರೆ? ಮೈಯೆಲ್ಲ ಜಜ್ಜಿಹೋಗಿದ್ದ ಆ ಮನುಷ್ಯ ಆಸ್ಪತ್ರೆಯಲ್ಲಿ ಅಪ್ಪ-ಅಮ್ಮ ಇಟ್ಟ ಹೆಸರು ಹೇಳಿ, ತಾನು ಕುಸ್ತಿಯವನೇ ಅಲ್ಲ, ಪ್ರಮೋಟರ್ ಎಂದು ಬರೆಸಿದರು. ಆದರೂ ಗುಸುಗುಸು ನಿಲ್ಲಲಿಲ್ಲ. ಎರಡೇ ವಾರದಲ್ಲಿ, ಗಾಯ ಮಾಯುವ ಮೊದಲೇ, ಅಖಾಡ ಹತ್ತಿ ನಿಂತರು. ಇದನ್ನು ನಿಷ್ಠೆ ಎಂದು ಇವತ್ತಿಗೂ ಕೊಂಡಾಡುವವರಿದ್ದಾರೆ. ನನಗೆ ಇದರಲ್ಲಿ ನಿಷ್ಠೆಗಿಂತ ಹೊಟ್ಟೆಪಾಡು ಹೆಚ್ಚು ಕಾಣುತ್ತದೆ. ಗುಟ್ಟು ಒಡೆದರೆ ಇಡೀ ಸೀಮೆಯ ಪೈಲ್ವಾನರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

ಖಳರನ್ನು ಹುಟ್ಟಿಸಲು ಪ್ರಮೋಟರ್‌ಗಳು ಪತ್ರಿಕೆ ಓದಿದರೆ ಸಾಕಿತ್ತು. ಅಮೆರಿಕಕ್ಕೆ ಆಗ ಯಾವ ದೇಶದ ಮೇಲೆ ಸಿಟ್ಟೋ ಆ ದೇಶದ ಖಳ. ಹವಾಯಿಯಲ್ಲಿ ಹುಟ್ಟಿದ ಹ್ಯಾರಿ ಫುಜಿವಾರ ಕಪಟಿ ಜಪಾನೀಯ ಮಿಸ್ಟರ್ ಫುಜಿ ಆದರು. ಕೆನಡಾದ ಓರಿಯಲ್ ಪೆರಾಸ್ ರಷ್ಯಾದ ಇವಾನ್ ಕೋಲಾಫ್ ಆದರು. 1971ರ ಜನವರಿಯಲ್ಲಿ ಅವರು ಜನರ ಅಚ್ಚುಮೆಚ್ಚಿನ ಚಾಂಪಿಯನ್ ಬ್ರೂನೋ ಸಮಾರ್ಟಿನೋ ಅವರ ಪಟ್ಟ ಕಿತ್ತುಕೊಂಡಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಷ್ಟು ಮೌನವಾಯಿತೆಂದರೆ, ತಮ್ಮ ಕಿವಿಯೇ ಕೆಟ್ಟಿತೇನೋ ಎಂದು ಸಮಾರ್ಟಿನೋ ಗಾಬರಿಯಾದರಂತೆ. ನಮ್ಮ ಪಂಜಾಬಿನಿಂದ ಹೋದ ಗಾಮಾ ಸಿಂಗ್ ಕೂಡ ಕೆನಡಾದ ಕ್ಯಾಲ್ಗರಿಯಲ್ಲಿ ಬೈಸಿಕೊಂಡೇ ಹೆಸರು ಮಾಡಿದವರು. ಹಾಗೆ ನೋಡಿದರೆ ಖಳರ ಪಾತ್ರಕ್ಕೇ ಕಸುಬು ಹೆಚ್ಚು ಬೇಕು.

ನನಗೆ ಸಹಿಸಲಾಗದ್ದು ಜೇಮ್ಸ್ ಹ್ಯಾರಿಸ್ ಅವರ ಕತೆ. ಮಿಸಿಸಿಪ್ಪಿಯ ಈ ಕಪ್ಪು ಮನುಷ್ಯನಿಗೆ 1982ರಲ್ಲಿ ಮೆಂಫಿಸ್‌ನಲ್ಲಿ ಮುಖಕ್ಕೆ ಬಣ್ಣ ಬಳಿದು, ಬರಿಗಾಲಲ್ಲಿ ನಿಲ್ಲಿಸಿ, ಉಗಾಂಡದ ಕಾಡುಮನುಷ್ಯ ಕಮಾಲ ಅಂದರು. ಮಾತಾಡುವಂತಿಲ್ಲ, ಹೊಟ್ಟೆ ಬಡಿದುಕೊಳ್ಳಬೇಕು ಅಷ್ಟೆ. ದೊಡ್ಡ ದೊಡ್ಡ ಹೆಸರುಗಳ ಎದುರು ಆಡಿದ ಮೇಲೂ ಬದುಕಿಗಾಗಿ ಲಾರಿ ಓಡಿಸಬೇಕಾಯಿತು. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಹೋದವು.

ಇದನ್ನು ಯಾರೂ ಪ್ರಶ್ನಿಸಲಿಲ್ಲವೇ? 1986ರಲ್ಲಿ, ಪೈಲ್ವಾನರಾಗಿದ್ದ ಜೆಸ್ಸಿ ವೆಂಚುರಾ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಕಾರ್ಮಿಕ ಸಂಘ ಕಟ್ಟಲು ಹೊರಟರು. ಕಟ್ಟಲಾಗಲಿಲ್ಲ. ಮಾಲೀಕ ವಿನ್ಸ್ ಮೆಕ್‌ಮಹನ್‌ಗೆ ಸುದ್ದಿ ಮುಟ್ಟಿಸಿದ್ದು ಕಂಪನಿಯ ದೊಡ್ಡ ತಾರೆ ಹಲ್ಕ್ ಹೋಗನ್ ಎಂದು ವೆಂಚುರಾಗೆ ಗೊತ್ತಾಗಿದ್ದು ವರ್ಷಗಳ ನಂತರ, ಕೋರ್ಟ್ ಕೇಸಿನಲ್ಲಿ. ಆ ಕೇಸು ವಿಡಿಯೋ ಕ್ಯಾಸೆಟ್‌ಗಳ ರಾಯಲ್ಟಿಯದು. 1994ರಲ್ಲಿ ಎಂಟು ಲಕ್ಷ ಡಾಲರಿಗೂ ಹೆಚ್ಚು ಗೆದ್ದರು. ಇತ್ತ 1989ರಲ್ಲಿ ಕಂಪನಿಯೇ ನ್ಯೂಜೆರ್ಸಿಯ ಸೆನೆಟ್ ಮುಂದೆ, ಇದು ಕ್ರೀಡೆಯಲ್ಲ, ಬರೀ ಮನರಂಜನೆ ಅಂದಿತು. ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ ತಪ್ಪಲಿ ಅಂತ. ವುಡ್ಸ್ ಒಡೆದ ಮೈಯಲ್ಲಿ ಕಾಪಾಡಿದ ಗುಟ್ಟನ್ನು ಕಂಪನಿ ತೆರಿಗೆ ಉಳಿಸಲು ಬಿಟ್ಟುಕೊಟ್ಟಿತು.

ಕಡೆಗೆ 1996. ಡಬ್ಲ್ಯೂಡಬ್ಲ್ಯೂಎಫ್ ಪೈಲ್ವಾನರಾದ ಸ್ಕಾಟ್ ಹಾಲ್, ಕೆವಿನ್ ನ್ಯಾಶ್ ಇಬ್ಬರೂ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಹೋದರು. ಅಲ್ಲಿ ವರ್ಷಕ್ಕಿಷ್ಟು ಎಂದು ಖಚಿತ ದುಡ್ಡು, ತಿರುಗಾಟವೂ ಕಮ್ಮಿ. ಆದರೆ ರೇಜರ್ ರಾಮನ್, ಡೀಸೆಲ್ ಎಂಬ ಅವರ ಹೆಸರುಗಳು ಹಳೇ ಕಂಪನಿಯ ಸ್ವತ್ತು. ಸೆಪ್ಟೆಂಬರ್ ಹೊತ್ತಿಗೆ ಬೇರೆ ಇಬ್ಬರಿಗೆ ಅದೇ ವೇಷ ಕಟ್ಟಿ ಅಖಾಡಕ್ಕೆ ಬಿಟ್ಟರು. ಜನ ಕಿರುಚಿ ಛೀಮಾರಿ ಹಾಕಿದರು. ಆ ನಕಲಿ ಡೀಸೆಲ್ ಆಗಿದ್ದವರು ಗ್ಲೆನ್ ಜೇಕಬ್ಸ್. ಅದಕ್ಕೂ ಮೊದಲು ಅವರಿಗೆ ಹಲ್ಲಿನ ಡಾಕ್ಟರ್ ವೇಷ ಕೊಟ್ಟಿದ್ದರು, ಆಮೇಲೆ ಕೆಂಪು ಮುಖವಾಡದ ಕೇನ್ ಮಾಡಿದರು. 2018ರಲ್ಲಿ ಟೆನೆಸ್ಸಿಯ ನಾಕ್ಸ್ ಕೌಂಟಿಯ ಮೇಯರ್ ಆಗಿ ಗೆದ್ದಾಗ ಅವರು ಗ್ಲೆನ್ ಜೇಕಬ್ಸ್ ಎಂದೇ ಪ್ರಮಾಣವಚನ ತೆಗೆದುಕೊಂಡರು.

ನಮಸ್ಕಾರ.