ಆಕ್ಸೈಡ್ ಪೊರೆಯಲ್ಲಿ ಪ್ರೋಟಾನಿನ ಪಯಣ

ಶ್ರೋತೃಗಳಿಗೆ ನಮಸ್ಕಾರ. ಲೋಹ ಮತ್ತು ಆಮ್ಲಜನಕ ಸೇರಿ ಆದ ತೆಳುವಾದ ಆಕ್ಸೈಡ್ ಪೊರೆಯನ್ನು ಹೈಡ್ರೋಜನ್ ಹೇಗೆ ದಾಟುತ್ತದೆ ಎಂದು ಕೇಳಿದರೆ ವಿಜ್ಞಾನ ಓದಿದವರೂ ಥಟ್ಟನೆ ಒಂದೇ ಉತ್ತರ ಕೊಡುತ್ತಾರೆ: ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಅನಿಲ ಅಲ್ಲಿಂದ ನುಸುಳುತ್ತದೆ. ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಬಿರುಕು ಬಿಟ್ಟ ಪೊರೆಯ ಮಾತು ಬೇರೆ. ಗಟ್ಟಿಯಾದ ಪೊರೆಯೊಳಗೆ ಹೈಡ್ರೋಜನ್ ಸಾಮಾನ್ಯವಾಗಿ ಅನಿಲವಾಗಿ ಸಾಗುವುದಿಲ್ಲ. ಅದರ ಅಣು ಮೇಲ್ಮೈಯಲ್ಲೇ ಒಡೆಯುತ್ತದೆ, ಪ್ರತಿ ಪರಮಾಣುವೂ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಉಳಿದ ಬರಿಯ ಪ್ರೋಟಾನು ಆಮ್ಲಜನಕದಿಂದ ಆಮ್ಲಜನಕಕ್ಕೆ ಜಿಗಿಯುತ್ತದೆ. ಇಂದು ನೀವು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವರನ್ನು ನೆನೆಯಿರಿ. ಪ್ರೋಟಾನು ಒಂದು ಆಮ್ಲಜನಕವನ್ನು ಹಿಡಿದು ನಿಲ್ಲುತ್ತದೆ, ಅದರ ಸುತ್ತ ತಿರುಗಿ ಪಕ್ಕದ ಆಮ್ಲಜನಕದತ್ತ ಮುಖ ಮಾಡುತ್ತದೆ, ಹಿಂದಿನದನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ.

ಇದನ್ನು ಕಣ್ಣಾರೆ ಕಾಣಬಹುದು. 1964ರಲ್ಲಿ ಖೂಬಿಯಾರ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ನನಗೆ ಅತ್ಯಂತ ಪ್ರಿಯ. ಟಂಗ್‌ಸ್ಟನ್ ಟ್ರೈಆಕ್ಸೈಡ್ ಹಳದಿ ಪುಡಿ. ಕೊಠಡಿಯ ಉಷ್ಣತೆಯಲ್ಲಿ ಅದರ ಮೇಲೆ ಹೈಡ್ರೋಜನ್ ಎಷ್ಟು ಹಾಯಿಸಿದರೂ ಅದು ಹಳದಿಯಾಗಿಯೇ ಉಳಿಯುತ್ತದೆ. ಆದರೆ ಪ್ಲಾಟಿನಂ ಲೇಪಿಸಿದ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಪುಡಿಯನ್ನು ಅದರೊಂದಿಗೆ ಬೆರೆಸಿ ಹೈಡ್ರೋಜನ್ ಹಾಯಿಸಿದರೆ, ಬಿಸಿ ಮಾಡದೆಯೇ, ಹಳದಿ ಪುಡಿ ನೀಲಿಗೆ ತಿರುಗುತ್ತದೆ! ಪ್ಲಾಟಿನಂ ಇರುವುದು ಒಂದು ಕಣದಲ್ಲಿ, ಬಣ್ಣ ಬದಲಾಗುವುದು ಇನ್ನೊಂದು ಕಣದಲ್ಲಿ. ಪ್ಲಾಟಿನಂ ಹೈಡ್ರೋಜನ್ ಅಣುವನ್ನು ಒಡೆದುಕೊಟ್ಟಿತು. ಒಡೆದ ಹೈಡ್ರೋಜನ್ ನೆರೆಯ ಕಣಕ್ಕೆ ಹರಿದು ಅದರೊಳಗೆ ಇಳಿಯಿತು. ಪ್ರೋಟಾನು ಆಮ್ಲಜನಕವನ್ನು ಹಿಡಿಯಿತು, ಎಲೆಕ್ಟ್ರಾನು ಟಂಗ್‌ಸ್ಟನ್‌ಗೆ ಸೇರಿತು. ಆ ಎಲೆಕ್ಟ್ರಾನು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ನಮಗೆ ನೀಲಿ ಕಾಣುತ್ತದೆ. ತುಸು ನೀರಿನಂಶವಿದ್ದರೆ ಈ ಬದಲಾವಣೆ ಇನ್ನೂ ಬೇಗ ಆಗುತ್ತದೆ ಎಂಬುದನ್ನು ಎರಡು ವರ್ಷಗಳ ನಂತರ ಬೇರೆಯವರು ತೋರಿಸಿದರು. ಪ್ರೋಟಾನಿಗೆ ನೀರಿನ ಅಣುಗಳೂ ಒಳ್ಳೆಯ ದಾರಿಯೇ. ರಂಧ್ರಗಳೇ ಕಾರಣವಾಗಿದ್ದರೆ ಪ್ಲಾಟಿನಂ ಏಕೆ ಬೇಕಿತ್ತು, ನೀವೇ ಹೇಳಿ. ಪೆಲೇಡಿಯಂ ಲೇಪಿಸಿದ ಟಂಗ್‌ಸ್ಟನ್ ಆಕ್ಸೈಡ್ ಪೊರೆಯನ್ನು ಹೈಡ್ರೋಜನ್ ಸೋರಿಕೆಯ ಸೂಚಕವಾಗಿ ಬಳಸುವುದೂ ಇದೇ ಗುಣದಿಂದ: ಅನಿಲ ತಗುಲಿದರೆ ಪೊರೆ ನೀಲಿಯಾಗುತ್ತದೆ.

ನನ್ನ ಸಮಯದ ಬಹುಪಾಲು ಇದಕ್ಕೇ ಹೋಯಿತು; ಉಳಿದದ್ದನ್ನು ಬೇಗ ಹೇಳುತ್ತೇನೆ. ದಪ್ಪದ ಲೆಕ್ಕ ಹೀಗಿದೆ: ಪೊರೆ ಎರಡು ಪಟ್ಟು ದಪ್ಪವಾದರೆ ಪ್ರೋಟಾನು ದಾಟಲು ನಾಲ್ಕು ಪಟ್ಟು ಸಮಯ ಬೇಕು, ಹತ್ತು ಪಟ್ಟು ತೆಳುವಾದರೆ ನೂರರಲ್ಲಿ ಒಂದು ಪಾಲು ಸಾಕು. ತೆಳು ಪೊರೆಗಳಿಗೆ ಇಷ್ಟು ಬೇಡಿಕೆ ಅದಕ್ಕೇ.

ಇನ್ನು ಅಲ್ಯುಮಿನಿಯಂ ಆಕ್ಸೈಡ್. ಅದರ ಮೇಲ್ಮೈ ಹೈಡ್ರೋಜನ್ ಅಣುವನ್ನು ಸುಲಭವಾಗಿ ಒಡೆಯುವುದಿಲ್ಲ. ಒಡೆದರೂ, ಟಂಗ್‌ಸ್ಟನ್‌ನಂತೆ ಎಲೆಕ್ಟ್ರಾನನ್ನು ಸ್ವೀಕರಿಸಲು ಅಲ್ಲಿ ಯಾರೂ ಇಲ್ಲ. ಪ್ರೋಟಾನು ಪಯಣ ಹೊರಡುವುದು ಹೇಗೆ? ಆದ್ದರಿಂದಲೇ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗದಂತೆ ತಡೆಯಲು, ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ ರಿಯಾಕ್ಟರುಗಳಲ್ಲಿ ಹೈಡ್ರೋಜನ್‌ನ ವಿಕಿರಣಶೀಲ ಸಮಸ್ಥಾನಿಯಾದ ಟ್ರಿಟಿಯಂ ಕೊಳವೆಗಳ ಗೋಡೆ ದಾಟದಂತೆ ನೋಡಿಕೊಳ್ಳಲು, ಸಂಶೋಧಕರು ಮತ್ತೆ ಮತ್ತೆ ಮೊರೆ ಹೋಗುವುದು ಇದೇ ಅಲ್ಯುಮಿನಾ ಲೇಪನಕ್ಕೆ. ನಮಸ್ಕಾರ.