ಹುಗ್ಗಿ ಮುಳ್ಳಾಗಲಿಲ್ಲ

ನಮಸ್ಕಾರ್ರಿ. ‘ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳ’ ಅಂತಾರಲ್ಲ, ನನಗ ಎರಡು ವರ್ಷ ಅದು ಮುಳ್ಳ ಆಗಲೇ ಇಲ್ಲ.

ಬಾಗಲಕೋಟಿ ನವನಗರದಾಗ ರೂಮ್ ಮಾಡಿದ್ದೆ. ಹಗಲೆಲ್ಲಾ ನಾಕು ಮೊಟ್ಟಿ ಬಿಳಿದು, ಒಂದು ಸೌತಿಕಾಯಿ. ಸಂಜಿಗೆ ಜಿಮ್ಮು, ಮೂರೂ ಗ್ವಾಡಿಗೆ ಕನ್ನಡಿ. ರಾತ್ರಿ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ಹತ್ತು ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಎಲ್ಲಾ ಲೈಟ್ ಆರಿಸಿ ಉಣತಿದ್ದೆ. ರುಚಿನೂ ಗೊತ್ತಾಗತಿರಲಿಲ್ಲ. ಮುಂಜಾನೆ ನಾಚಿಕಿ, ಮತ್ತ ಉಪಾಸ.

ಊರಿಗೆ ಹೋದ್ರ ಅಜ್ಜಿಗೆ ಖುಷಿ. “ಗಂಡ ಹುಡುಗ ಹಿಂಗ ಉಣಬೇಕ ನೋಡ” ಅಂತ ಮತ್ತೊಂದು ರೊಟ್ಟಿ ಹಾಕಾಕಿ. ಹುಡುಗಿ ಹತ್ತು ರೊಟ್ಟಿ ಉಂಡ್ರ ಮನಿ ಮಂದಿ ಗಾಬರಿ ಆಗತಾರ, ಗಂಡಸು ಉಂಡ್ರ ಓಣಿಗೆಲ್ಲಾ ಹೇಳಿಕೊಂಡು ಬರತಾರ. ನನ್ನ ರೋಗ ಅಡಗಿದ್ದು ಆ ಹೊಗಳಿಕಿ ಹಿಂದ.

ಅಜ್ಜಿ ಬಿಡ್ರಿ, ಡಾಕ್ಟರ್ ಮಂದಿನೂ ಹಂಗ. ಮನೋರೋಗ ಗುರುತಿಸೋ ಅಮೆರಿಕದ ಕೈಪಿಡಿ ಡಿಎಸ್‌ಎಂನಾಗ ಅನೊರೆಕ್ಸಿಯಾ, ಅಂದ್ರ ದಪ್ಪ ಆಗತೀನಿ ಅಂತ ಅಂಜಿ ಊಟ ಕಡಿಮಿ ಮಾಡೋ ರೋಗದ ಲಕ್ಷಣದ ಪಟ್ಟಿಯೊಳಗ ಮುಟ್ಟು ನಿಲ್ಲೋದೂ ಇತ್ತು. ತಗದಿದ್ದು 2013ಕ್ಕ. ಗಂಡಸು ಮುಟ್ಟು ಎಲ್ಲಿಂದ ತರಬೇಕ್ರಿ? ಮಿತಿಮೀರಿ ಉಣ್ಣೋದನ್ನ ಬ್ಯಾರೇ ರೋಗ ಅಂತ ಒಪ್ಪಿದ್ದೂ ಅದೇ ವರ್ಷ.

ನಾನು ಇದನ್ನ ಚಟ ಅಂದುಕೊಂಡಿದ್ದೆ. ಆದ್ರ ಅಮೆರಿಕದ ಮಿನೆಸೋಟಾದಾಗ 1944-45ರಲ್ಲಿ ವಿಜ್ಞಾನಿಗಳು 36 ಗಟ್ಟಿ ಹುಡುಗರನ್ನ ಸುಮಾರು ಆರು ತಿಂಗಳು ಅರೆಹೊಟ್ಟಿ ಇಟ್ಟು ನೋಡಿದ್ರು. ಅವರಿಗೆ ಊಟದ್ದೇ ಧ್ಯಾನ, ಅಡಿಗಿ ಪುಸ್ತಕ ಓದಾಕ ಹತ್ತಿದ್ರು. ಮುಂದ ಬೇಕಾದಷ್ಟು ಉಣ್ಣಾಕ ಬಿಟ್ಟಾಗ ಕೆಲವರಿಗೆ ಎಷ್ಟು ಉಂಡ್ರೂ ಹೊಟ್ಟಿ ತುಂಬತಿರಲಿಲ್ಲ. ಅಂದ್ರ ನನ್ನ ರಾತ್ರಿ ಹತ್ತು ರೊಟ್ಟಿ ಹಗಲಿನ ಸಾಲ ತೀರಸತಿದ್ವು.

ಗರಡಿ ಮನಿ ಕಾಲ ಛಲೋ ಇತ್ತು ಅನ್ನಂಗಿಲ್ಲ ನಾ, ಅಲ್ಲೂ ತೊಡಿ ನೋಡಿ ಮಾತಾಡೋರು. ಆದ್ರ ಕುಸ್ತ್ಯಾಗ ಎದುರಿನವ ಬಿದ್ರ ಮುಗೀತು. ಕನ್ನಡಿ ಬೀಳಂಗಿಲ್ಲಲ್ರಿ.

ನನ್ನ ಹಿಡದಾಕಿ ಖಾನಾವಳಿ ಅಕ್ಕ. ಒಂದಿನ ಪಾರ್ಸಲ್ ಕಟ್ಟತಾ, “ಏ ತಮ್ಮಾ, ರೂಮಿನ್ಯಾಗ ಎಷ್ಟು ಮಂದಿ ಅದೀರಿ?” ಅಂದ್ಲು. “ನಾ ಒಬ್ಬನಾ” ಅಂದೆ. ಕೈ ನಿಂತ್ವು. ಏನೂ ಕೇಳಲಿಲ್ಲ. “ನಾಳಿಂದ ಮಧ್ಯಾಹ್ನ ಬಾ, ಇಲ್ಲೇ ಕುಂತು ಉಣ್ಣ” ಅಂದ್ಲು.

ಹೋದೆ. ವಾರ ಬಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕ ಫೋನ್ ಹಚ್ಚಿದೆ. ಪುಕ್ಕಟೆ, ಕನ್ನಡದಾಗ ಮಾತಾಡತಾರ. ನಿಮಗೂ ಬೇಕಾದ್ರ ನಂಬರ್ ಬರಕೋರಿ. ಜಿಮ್ಮಿಗೆ ಈಗಲೂ ಹೋಗತೀನಿ, ಕನ್ನಡಿಗೆ ಬೆನ್ನು ಹಾಕಿ.